ಪದ್ಮಿನಿಗೆ ಎಂಪಿಎಫ್‌ಐ ಎಂಜಿನ್ ಹಾಕ್ತೀರಾ? ಹಳೇ ವೈರಿಂಗ್‌ನ ಹೊಸದರ ಜೊತೆ ಬೆರೆಸಬೇಡಿ

ಪುಣೆಲಿ ಹಳೇ ಗಾಡಿಗಳ ವೈರಿಂಗ್ ಮಾಡೋದು ನನ್ನ ಕೆಲಸ, ಊರು ವಿಜಯಪುರದ ಕಡೆ. ಇತ್ತೀಚೆಗೆ ಹಳೇ ಪ್ರೀಮಿಯರ್ ಪದ್ಮಿನಿ ಕಾರಿಗೆ ಎಂಪಿಎಫ್‌ಐ ಎಂಜಿನ್, ಅಂದ್ರೆ ಕಾರ್ಬೊರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸೋ ಎಂಜಿನ್, ಕೂರಿಸ್ಕೊಂಡು ಬರೋರು ಜಾಸ್ತಿ ಆಗಿದಾರೆ. ಮುಂಬೈಲಿ ಕಾಲಿ-ಪೀಲಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ಗೆ ರಸ್ತೆಯಿಂದ ಹೋದ್ಮೇಲೆ ಮನೇಲಿ ನಿಂತಿದ್ದ ಪದ್ಮಿನಿ ಮೇಲೆ ಎಲ್ರಿಗೂ ಪ್ರೀತಿ ಉಕ್ಕಿ ಬಂದಿದೆ, ಆದ್ರೆ 1089 ಸಿಸಿ ಕಾರ್ಬೊರೇಟರ್ ಎಂಜಿನ್ ಇಟ್ಕೊಂಡು ಖಂಡಾಲಾ ಘಾಟ್ ಹತ್ತೋ ತಾಳ್ಮೆ ಯಾರಿಗೂ ಇಲ್ಲ.

ಎಂಜಿನ್ ಆಯ್ಕೆ ಬಗ್ಗೆ ಜಾಸ್ತಿ ಹೇಳಲ್ಲ. ಪದ್ಮಿನಿ ಹಿಂದಿನ ಚಕ್ರ ಓಡೋ ಗಾಡಿ, ಎಂಜಿನ್ ಉದ್ದಕ್ಕೆ ಕೂರ್ಬೇಕು, ಅದಕ್ಕೆ ಮಾರುತಿ ಜಿಪ್ಸಿ ಅಥವಾ ವರ್ಸಾದ 1.3 ಲೀಟರ್ ಎಂಜಿನ್ ಗೇರ್‌ಬಾಕ್ಸ್ ಸಮೇತ ತರ್ತಾರೆ, ಕೆಲವ್ರು ಈಕೋದ್ದು. ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್ ಎಲ್ಲ ಫ್ಯಾಬ್ರಿಕೇಶನ್‌ನವ್ರು ಮಾಡ್ಕೊಡ್ತಾರೆ. ಗಾಡಿ ತಿಂಗಳುಗಟ್ಟಲೆ ನಿಲ್ಲೋದು ವೈರಿಂಗ್‌ಗೆ.

ಯಾಕೆ ಅಂದ್ರೆ ಎಲ್ರೂ ಮಾಡೋದು ಒಂದೇ: ಹೊಸ ಎಂಜಿನ್ ಜೊತೆ ಬಂದ ಹಾರ್ನೆಸ್‌ನಲ್ಲಿ, ಅಂದ್ರೆ ವೈರ್‌ಗಳ ಕಟ್ಟಿನಲ್ಲಿ, ಬೇಡದ್ದು ಅನ್ಸಿದ್ದೆಲ್ಲ ಕತ್ತರಿಸಿ, ಉಳಿದದ್ದನ್ನ ಹಳೇ ಗಾಡಿ ವೈರ್‌ಗೆ ಎಲ್ಲಿ ಹತ್ರ ಸಿಗುತ್ತೋ ಅಲ್ಲಿ ತಿರುಚಿ ಟೇಪ್ ಸುತ್ತಿಬಿಡೋದು. ನಾನು ಹೇಳೋದು ಅದರ ಉಲ್ಟಾ, ಒಂದೇ ಮನೇಲಿ ಅಣ್ಣತಮ್ಮ ಬೇರೆಬೇರೆ ಒಲೆ ಹೂಡಿದ ಹಾಗೆ ಎರಡೂ ವೈರಿಂಗ್ ಬೇರೆಬೇರೆ ಇರ್ಲಿ, ಒಂದು ಕಡೆ ಮಾತ್ರ ಸೇರ್ಲಿ. ಗಾಡಿ ಕಡೆಯಿಂದ ಎಂಜಿನ್ ಕಡೆಗೆ ಬೇಕಾಗಿರೋ ವೈರ್ ನಿಜವಾಗ್ಲೂ ಎಷ್ಟು ಅಂತ ಪೇಪರ್ ಮೇಲೆ ಬರೆದ್ರೆ ನಿಮಗೇ ಆಶ್ಚರ್ಯ ಆಗುತ್ತೆ: ಬ್ಯಾಟರಿಯಿಂದ ಯಾವಾಗ್ಲೂ ಬರೋದು, ಕೀ ಆನ್ ಮಾಡಿದ್ರೆ ಬರೋದು, ಸೆಲ್ಫ್‌ದು, ಹಿಂದೆ ಟ್ಯಾಂಕ್ ಕಡೆ ಇರೋ ಪೆಟ್ರೋಲ್ ಪಂಪ್‌ಗೆ ಹೋಗೋದು, ಆಮೇಲೆ ಚಾರ್ಜಿಂಗ್ ಲ್ಯಾಂಪ್, ಆಯಿಲ್ ಲ್ಯಾಂಪ್, ಚೆಕ್ ಎಂಜಿನ್ ಲ್ಯಾಂಪ್, ಟೆಂಪರೇಚರ್ ಗೇಜ್. ಇಷ್ಟೇ. ಇದೆಲ್ಲ ಫೈರ್‌ವಾಲ್, ಅಂದ್ರೆ ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ, ಅದರ ಒಳಗಡೆ ಒಂದೇ ಕನೆಕ್ಟರ್‌ನಲ್ಲಿ ಬಂದು ಸೇರ್ಬೇಕು. ನಾಳೆ ತೊಂದ್ರೆ ಬಂದ್ರೆ ಕನೆಕ್ಟರ್ ಬಿಚ್ಚಿ ಮೀಟರ್ ಇಟ್ರೆ ಗಾಡಿ ಕಡೆದೋ ಎಂಜಿನ್ ಕಡೆದೋ ಅಲ್ಲೇ ಗೊತ್ತಾಗುತ್ತೆ, ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕ್ಕೊಂಡು ಮಲಗೋ ಕೆಲಸ ಇಲ್ಲ.

ಎಂಜಿನ್ ತರೋವಾಗ್ಲೇ ಹುಷಾರಾಗಿರಿ. ಮುಂಬೈ ಕುರ್ಲಾದಿಂದ ತನ್ನಿ, ಇಲ್ಲಿ ಪುಣೆಲಿ ಗುಜರಿಯವ್ರ ಹತ್ರ ತನ್ನಿ, ಅವ್ರಿಗೆ ಅರ್ಜೆಂಟು, ಕಟರ್‌ನಲ್ಲಿ ಹಾರ್ನೆಸ್ ಕಚಕ್ ಅಂತ ಕತ್ತರಿಸಿ ಎಂಜಿನ್ ಎತ್ತಿಬಿಡ್ತಾರೆ. ನಾಲ್ಕು ಕಾಸು ಜಾಸ್ತಿ ಕೊಟ್ರೂ ಪರ್ವಾಗಿಲ್ಲ, ಇಸಿಎಂ, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್ ಡಬ್ಬಿ, ಅದರ ಕನೆಕ್ಟರ್‌ವರೆಗೆ ಇಡೀ ಹಾರ್ನೆಸ್ ಬೇಕು ಅಂತ ನಿಂತು ಬಿಚ್ಚಿಸ್ಕೊಳ್ಳಿ. ಎಂಜಿನ್ ಬಿಚ್ಚೋ ಗಾಡಿಗೆ ಐಕ್ಯಾಟ್ಸ್ ಇದ್ರೆ, ಅಂದ್ರೆ ಕಳ್ಳತನ ತಡೆಯೋಕೆ ಕೀ ಒಳಗೆ ಚಿಪ್ ಇರೋದು, ಇಸಿಎಂ, ಇಮ್ಮೊಬಿಲೈಸರ್ ಡಬ್ಬಿ, ಕೀ ಮೂರೂ ಒಂದೇ ಗಾಡಿದು ಆಗಿರ್ಬೇಕು. ಒಂದು ಬಿಟ್ಟು ಬಂದ್ರೂ ಎಂಜಿನ್ ಸ್ಟಾರ್ಟ್ ಆಗಲ್ಲ, ನೀವು ಸ್ಪಾರ್ಕ್ ಯಾಕಿಲ್ಲ, ಇಂಜೆಕ್ಟರ್ ಯಾಕೆ ಹೊಡೀತಿಲ್ಲ ಅಂತ ವಾರಗಟ್ಟಲೆ ಹುಡುಕ್ತಾ ಕೂರ್ತೀರ.

ಈಗ ಅರ್ಥಿಂಗ್‌ಗೆ ಬರೋಣ, ಅಂದ್ರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗೋ ದಾರಿ. ನನ್ನ ಹತ್ರ ಬರೋ ಬಿಟ್ಟುಹೋದ ಪ್ರಾಜೆಕ್ಟ್‌ಗಳಲ್ಲಿ ಮುಕ್ಕಾಲು ಪಾಲು ರೋಗ ಇಲ್ಲೇ.

ಕೋಥ್ರೂಡ್‌ನಲ್ಲಿರೋ ಹಿರಿಯರೊಬ್ಬರು, ಮೂಲ ಧಾರವಾಡದವ್ರು, ಬೇರೆ ಕಡೆ ಎಂಜಿನ್ ಹಾಕಿಸಿದ ಪದ್ಮಿನಿ ತಂದ್ರು. "ಹಗಲಿ ಭಾಳ ಛಲೋ ಓಡ್ತದರೀ, ಸಂಜೀಕ ಲೈಟ್ ಹಚ್ಚಿದ್ರ ಸಾಕು, ಪೆಟ್ರೋಲ್ ವಾಸನಿ, ಸಿಗ್ನಲ್‌ನ್ಯಾಗ ನಿಂತ್ರ ಗಾಡಿ ಉಸಿರು ಬಿಟ್ಟಂಗ ಮಾಡ್ತದ" ಅಂದ್ರು. ಅದಾಗ್ಲೇ ಇಂಜೆಕ್ಟರ್ ಕ್ಲೀನಿಂಗ್, ಹೊಸ ಪ್ಲಗ್, ಸೈಲೆನ್ಸರ್ ಹೊಗೇಲಿ ಆಕ್ಸಿಜನ್ ಅಳೆಯೋ ಹೊಸ ಓ2 ಸೆನ್ಸರ್ ಎಲ್ಲ ಆಗಿತ್ತು. ಸ್ಕ್ಯಾನರ್ ಹಾಕಿ ಎಂಜಿನ್ ಬಿಸಿ ಮಾಡಿ ನಿಲ್ಲಿಸ್ದೆ, ಕೂಲಂಟ್ 88 ಡಿಗ್ರಿ ತೋರಿಸ್ತಿತ್ತು. ಹುಡುಗನಿಗೆ ಹೆಡ್‌ಲೈಟ್ ಹಾಕು ಅಂದೆ. ಕಣ್ಣು ಮುಚ್ಚಿ ತೆರೆಯೋದ್ರೊಳಗೆ 70ರ ಹತ್ರ ಬಂತು. ಆರಿಸು ಅಂದೆ, ಮತ್ತೆ 88. ಎಂಜಿನ್ ನೀರು ಸೆಕೆಂಡ್‌ನಲ್ಲಿ ತಣ್ಣಗಾಗಲ್ಲ ಅಲ್ವಾ, ಎಂಜಿನ್‌ಗೆ ಹೋಗೋ ಗಾಳಿಯ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ರೀಡಿಂಗೂ ಜೊತೆಗೇ ಮೇಲೆ ಹೋಗ್ತಿತ್ತು.

ಕಾರಣ ಏನಪ್ಪಾ ಅಂದ್ರೆ, ಸೆನ್ಸರ್‌ಗಳ ಅರ್ತ್ ವೈರ್ ಇಸಿಎಂಗೇ ವಾಪಸ್ ಹೋಗ್ಬೇಕಿತ್ತು, ಅದನ್ನ ಯಾರೋ ಮಧ್ಯ ಕತ್ತರಿಸಿ ಮಡ್‌ಗಾರ್ಡ್ ಒಳಗಡೆ ಹೆಡ್‌ಲೈಟ್ ಅರ್ತ್ ಇದ್ದ ಅದೇ ಸ್ಕ್ರೂಗೆ ಕಟ್ಟಿದ್ರು, "ಅರ್ತ್ ಅಂದ್ರೆ ಅರ್ತ್, ಎಲ್ಲಾ ಒಂದೇ" ಅಂತ. ಹಳೇ ಗಾಡಿಗೆ ಆ ಮಾತು ನಡೀತಿತ್ತು, ಬಲ್ಬು ಸ್ವಲ್ಪ ಮಂಕಾಗಿ ಉರೀತಿತ್ತು ಅಷ್ಟೇ. ಆದ್ರೆ ಎರಡು ಹೆಡ್‌ಲೈಟ್ ಸೇರಿ ಹತ್ತು ಆಂಪಿಯರ್ ಹತ್ರ ಎಳೀತವೆ, ಆ ತುಕ್ಕು ಹಿಡಿದ ಸ್ಕ್ರೂದಲ್ಲಿ ಬರೀ 0.03 ಓಮ್ ರೆಸಿಸ್ಟೆನ್ಸ್ ಇದ್ರೂ 0.3 ವೋಲ್ಟ್ ಅಲ್ಲೇ ನಿಲ್ಲುತ್ತೆ. ಸೆನ್ಸರ್‌ಗಳು ಮಾತಾಡೋದೇ 5 ವೋಲ್ಟ್ ಒಳಗೆ. ಕೂಲಂಟ್ ಸೆನ್ಸರ್ ವೋಲ್ಟ್ ಜಾಸ್ತಿ ಆದ್ರೆ ಇಸಿಎಂಗೆ ಎಂಜಿನ್ ತಣ್ಣಗಿದೆ ಅಂತ ಅನ್ಸುತ್ತೆ, ಮ್ಯಾಪ್ ಜಾಸ್ತಿ ಆದ್ರೆ ಲೋಡ್ ಬಿದ್ದಿದೆ ಅಂತ, ಎರಡಕ್ಕೂ ಪೆಟ್ರೋಲ್ ಜಾಸ್ತಿ ಸುರಿಯುತ್ತೆ. ಸೆನ್ಸರ್ ಅರ್ತ್‌ನ ಇಸಿಎಂ ಪಿನ್‌ಗೆ ವಾಪಸ್ ಜೋಡಿಸಿದ ಮೇಲೆ ಲೈಟ್ ಹಾಕಿದ್ರೂ 88 ಅಲ್ಲಾಡಲಿಲ್ಲ. ಹಿರಿಯರು "ಇಷ್ಟಕ್ಕ ಓ2 ಸೆನ್ಸರ್ ತರಿಸಿದ್ರೇನ್ರೀ" ಅಂತ ಬೈದಿದ್ದು ನನಗಲ್ಲ ಬಿಡಿ.

ಎಂಜಿನ್‌ದು ದೊಡ್ಡ ಅರ್ತ್ ಬೇರೆ. ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ಬ್ಯಾಟರಿ ನೆಗೆಟಿವ್‌ನಿಂದ ನೇರ ಬ್ಲಾಕ್‌ಗೆ ದಪ್ಪ ಕೇಬಲ್, ಬ್ಲಾಕ್‌ನಿಂದ ಬಾಡಿಗೆ ಇನ್ನೊಂದು, ಎರಡೂ ಕಡೆ ಪೇಂಟ್ ಕೆರೆದು ಲೋಹ ಕಾಣಿಸ್ಬೇಕು. ಪರೀಕ್ಷೆ ಸುಲಭ: ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬದ ಮೇಲೆ, ಟರ್ಮಿನಲ್ ಮೇಲಲ್ಲ ಕಂಬದ ಮೇಲೆ, ಇನ್ನೊಂದು ಬ್ಲಾಕ್ ಮೇಲೆ ಇಟ್ಟು ಸೆಲ್ಫ್ ಹೊಡೀರಿ. 0.2, 0.3 ವೋಲ್ಟ್ ಒಳಗಿದ್ರೆ ಸರಿ. ಒಂದು ವೋಲ್ಟ್ ದಾಟ್ತು ಅಂದ್ರೆ ಬೇರೆ ಏನೂ ಮುಟ್ಟಬೇಡಿ, ಮೊದಲು ಅದನ್ನ ಸರಿ ಮಾಡಿ.

ಕೀ ಸ್ವಿಚ್ ಕೂಡ ನೋಡ್ಕೊಳ್ಳಿ. ಸೆಲ್ಫ್ ಹೊಡೆಯೋವಾಗ ಕೆಲವು ಟರ್ಮಿನಲ್‌ಗಳಲ್ಲಿ ಕರೆಂಟ್ ಹೋಗಿಬಿಡುತ್ತೆ, ಇಸಿಎಂ ಅಂಥದ್ದಕ್ಕೆ ಕೊಟ್ರೆ ಎಂಜಿನ್ ಸುತ್ತುತ್ತೆ ಆದ್ರೆ ಹಿಡಿಯಲ್ಲ, ಕೀ ಬಿಟ್ಟ ಗಳಿಗೇಲಿ ಒಂದ್ಸಲ ಗುಡ್ ಅನ್ನುತ್ತೆ. ಇನ್ನೊಂದು ತಮಾಷೆ ಅಂದ್ರೆ ಕೀ ತೆಗೆದ್ರೂ ಎಂಜಿನ್ ಆಫ್ ಆಗದೇ ಇರೋದು, ಜನ ಹೆದರ್ತಾರೆ. ಆಲ್ಟರ್ನೇಟರ್ ಕರೆಂಟ್ ಚಾರ್ಜಿಂಗ್ ಲ್ಯಾಂಪ್ ಮೂಲಕ ಉಲ್ಟಾ ಬಂದು ಮೇನ್ ರಿಲೇನ, ಅಂದ್ರೆ ಇಸಿಎಂಗೆ ಕರೆಂಟ್ ಬಿಡೋ ಸ್ವಿಚ್‌ನ, ಹಿಡ್ಕೊಂಡಿರುತ್ತೆ, ಲ್ಯಾಂಪ್ ವೈರ್‌ಗೆ ಕರೆಂಟ್‌ನ ಒಂದೇ ಕಡೆ ಬಿಡೋ ಡಯೋಡ್ ಒಂದು ಹಾಕಿದ್ರೆ ಮುಗೀತು.

ಪೆಟ್ರೋಲ್ ಪಂಪ್ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲ್ಲ. ಹಳೇ ಮೆಕ್ಯಾನಿಕಲ್ ಪಂಪ್ ಪ್ರೆಶರ್ ಮೂರ್ನಾಲ್ಕು ಪಿಎಸ್‌ಐ, ಎಂಪಿಎಫ್‌ಐಗೆ 3 ಬಾರ್ ಹತ್ರ, ಅಂದ್ರೆ 43 ಪಿಎಸ್‌ಐ ಸುಮಾರು, ಹತ್ತು ಪಟ್ಟಿಗಿಂತ ಜಾಸ್ತಿ. ಹೋಸ್, ಕ್ಲಾಂಪ್ ಎಲ್ಲ ಇಂಜೆಕ್ಷನ್‌ದೇ ಬೇಕು, ಟ್ಯಾಂಕ್‌ಗೆ ರಿಟರ್ನ್ ಲೈನ್ ಬೇಕು. ಪಂಪ್ ಕರೆಂಟ್ ಇಸಿಎಂ ನಡೆಸೋ ರಿಲೇಯಿಂದಾನೇ ಬರ್ಬೇಕು. ಕೀ ಆನ್ ಮಾಡಿದ್ರೆ ಎರಡು ಸೆಕೆಂಡ್ ಓಡಿ ನಿಲ್ಲುತ್ತಲ್ಲ, ಅದು ಕೆಟ್ಟಿದೆ ಅಂತ ತಿಳ್ಕೊಂಡು ಕೀ ಸ್ವಿಚ್‌ಗೆ ನೇರ ಕೊಡೋರಿದಾರೆ. ಎಂಜಿನ್ ಸುತ್ತೋದು ನಿಂತ್ರೆ ಇಸಿಎಂ ಪಂಪ್ ನಿಲ್ಲಿಸೋದೇ ಅದರ ಉಪಕಾರ, ಗಾಡಿ ಎಲ್ಲಾದ್ರೂ ಗುದ್ದಿ ಪೈಪ್ ಹರಿದಾಗ ನೇರ ಕೊಟ್ಟ ಪಂಪ್ ಪೆಟ್ರೋಲ್ ಚಿಮ್ಮಿಸ್ತಾನೇ ಇರುತ್ತೆ.

ಜಾಯಿಂಟ್‌ಗಳನ್ನ ಒಳ್ಳೇ ಟೂಲ್‌ನಲ್ಲಿ ಕ್ರಿಂಪ್ ಮಾಡಿ, ಅಂದ್ರೆ ಲೋಹದ ತುದಿ ಒತ್ತಿ ಕೂರಿಸಿ, ಮೇಲೆ ಅಂಟು ಇರೋ ಹೀಟ್‌ಶ್ರಿಂಕ್, ಬಿಸಿಗೆ ಮುದುಡೋ ಕೊಳವೆ, ಹಾಕಿ. ಎಂಜಿನ್ ಹತ್ರ ಸೋಲ್ಡರ್ ಮಾಡಿದ ವೈರ್ ಅಲುಗಾಟಕ್ಕೆ ಸೋಲ್ಡರ್ ಮುಗಿಯೋ ಜಾಗದಲ್ಲೇ ಮುರಿಯುತ್ತೆ. ನಮ್ಮ ಕಡೆ ಮಳೆಗಾಲ ಒಂದು ಕಳೀಲಿ, ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಬಿಚ್ಚಿ ನೋಡಿ, ತಾಮ್ರ ಹಸಿರಾಗಿರುತ್ತೆ.

ಕಾಗದಪತ್ರದ್ದೂ ಒಂದು ಮಾತು: ಎಂಜಿನ್ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸ್ಬೇಕು. ಗಾಡಿ 50 ವರ್ಷ ದಾಟಿದ್ದು, 2021ರ ನಿಯಮದಲ್ಲಿ ವಿಂಟೇಜ್ ಅಂತ ನೋಂದಾಯಿಸೋ ಆಸೆ ಇದ್ರೆ ಎಂಜಿನ್ ಬದಲಾಯಿಸ್ಲೇಬೇಡಿ, ಒರಿಜಿನಲ್ ಇರ್ಬೇಕು ಅನ್ನೋದೇ ಅಲ್ಲಿನ ಷರತ್ತು. ಇದನ್ನ ನಾನು ಗಿರಾಕಿಗೆ ಎಂಜಿನ್ ತರೋ ಮುಂಚೆನೇ ಹೇಳ್ತೀನಿ, ಕೆಲವ್ರು ಅಲ್ಲಿಂದಾನೇ ವಾಪಸ್ ಹೋಗಿ ಕಾರ್ಬೊರೇಟರ್ ರಿಪೇರಿ ಮಾಡಿಸ್ಕೊಂಡಿದಾರೆ.

ಕನೆಕ್ಟರ್ ಆರಿಸೋವಾಗ ಎರಡು-ಮೂರು ಪಿನ್ ಖಾಲಿ ಉಳಿಯೋ ಅಂಥದ್ದು ತಗೊಳ್ಳಿ. ಗಾಡಿ ಓಡೋಕೆ ಶುರುವಾದ ಮೇಲೆ ಏಪ್ರಿಲ್‌ನಲ್ಲಿ ಎಸಿ ಹಾಕ್ಕೊಡಿ ಅಂತ ಬಂದೇ ಬರ್ತಾರೆ, ಕಂಪ್ರೆಸರ್ ಆನ್ ಆಯ್ತು ಅಂತ ಇಸಿಎಂಗೆ ಹೇಳೋ ವೈರ್ ಅಲ್ಲಿಂದಾನೇ ಹೋಗ್ಬೇಕು.