ಬೆಳ್ಳಿಯ ಏಡಿ

ಹಬ್ಬಕ್ಕೆ ಮುಂಚೆ ಬೇಲೂರಿನ ಮನೆಯಲ್ಲಿ ಅಜ್ಜಿಯ ಬೆಳ್ಳಿ ಪಂಚಪಾತ್ರೆ, ಉದ್ಧರಣೆಗೆ ವಿಭೂತಿ ಹಚ್ಚಿ ಉಜ್ಜುತ್ತಿದ್ದೆ. ಆಗ ನೆನಪಾದದ್ದು ನನಗೆ ತುಂಬಾ ಇಷ್ಟವಾದ ಉಪ್ಪಿನ ಬಟ್ಟಲುಗಳು. 1742-43ರಲ್ಲಿ ಲಂಡನ್ನಿನ ಬೆಳ್ಳಿ ಕೆಲಸಗಾರ ನಿಕೋಲಸ್ ಸ್ಪ್ರಿಮಾಂಟ್ ಬ್ರಿಟನ್ನಿನ ರಾಜಕುಮಾರ ಫ್ರೆಡರಿಕ್‌ನ ಊಟದ ಮೇಜಿಗೆ ಮಾಡಿದವು. ಚಿಪ್ಪಿನ ಪಕ್ಕದಲ್ಲೇ ಬೆಳ್ಳಿಯ ಏಡಿ! ನಿಜವಾದ ಏಡಿಯಿಂದಲೇ ಅಚ್ಚು ತೆಗೆದದ್ದಂತೆ, ಅದಕ್ಕೇ ಕಾಲಿನ ಗಂಟು, ಬೆನ್ನಿನ ಒರಟು ಎಲ್ಲ ಹಾಗೇ ಇದೆ. ಮೇಲೆ ಚಿನ್ನದ ಲೇಪ. ಸುಮ್ನೆ ಅಂದಕ್ಕಲ್ಲ, ಉಪ್ಪು ತಾಗಿದರೆ ಬೆಳ್ಳಿ ಹಾಳಾಗುತ್ತದೆ ಅಲ್ವಾ? ಅದೇ ಮೇಜಿನ ನಡುವಿನ ದೊಡ್ಡ ಪಾತ್ರೆಯ ತುದಿಯಲ್ಲಿ ಸಮುದ್ರದೇವತೆ ನೆಪ್ಚೂನ್ ಕೂತಿದ್ದಾನೆ. ನಮ್ಮ ಚೆನ್ನಕೇಶವನ ಬಾಗಿಲಲ್ಲಿ ಆನೆ ಸೊಂಡಿಲಿನ ಮಕರ ನೋಡಿ ಬೆಳೆದವಳಿಗೆ ಅವನು ಹೊರಗಿನವನು ಅನಿಸಲೇ ಇಲ್ಲ. ನಮ್ಮ ಉದ್ಧರಣೆಯ ತುದಿಯಲ್ಲೂ ಪುಟ್ಟ ನಾಗನ ಹೆಡೆಯಿದೆ, ಅಜ್ಜಿಯ ಹೆಬ್ಬೆರಳು ತಾಗಿ ತಾಗಿ ಅದರ ಒಂದು ಕಣ್ಣು ಸವೆದುಹೋಗಿದೆ.