ತೋಟ ಮಾರುವ ಮುನ್ನ ಒಂದು ವಾರ

ಕೊಳೆರೋಗ ಬಂದು ಅಡಿಕೆ ಉದುರಿ, ಸೊಸೈಟಿ ಸಾಲದ ಕಂತು ಎದುರು ನಿಂತಾಗ ತೀರ್ಥಹಳ್ಳಿ ಕಡೆಯ ಕ್ರೈಸ್ತ ಮನೆಯಲ್ಲೂ ಅದೇ ಪ್ರಶ್ನೆ: ತೋಟ ಮಾರಿಬಿಡೋದಾ? ಆ ರಾತ್ರಿಯೇ ತೀರ್ಮಾನ ಬೇಡ. ಮನಸ್ಸು ಕತ್ತಲಾಗಿರುವಾಗ ಹಿಂದಿನ ನಿರ್ಧಾರ ಬದಲಿಸಬಾರದು ಎಂದು ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ.

ಮೊದಲು ಊಟ, ನಿದ್ದೆ. ಬೈಬಲಿನಲ್ಲಿ ಸಾವು ಬೇಡಿ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ; ಎರಡು ಸಲ ತಟ್ಟಿ ಎಬ್ಬಿಸಿ, ಎದ್ದು ಊಟಮಾಡು ಎಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು.

ಆಮೇಲೆ ಬೈಬಲಿನ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಇರುವುದು ಆರೇ ವಚನ. ಮೊದಲೆರಡರಲ್ಲೇ ‘ಇನ್ನೆಷ್ಟು ಕಾಲ’ ಎಂಬ ಅಳಲು ನಾಲ್ಕು ಸಲ. ದೇವರನ್ನು ದೂರಿದರೆ ವಿಶ್ವಾಸ ಹೋಯಿತೆಂದು ಹೆದರಿ ಬಾಯಿ ಮುಚ್ಚಿಕೊಳ್ಳುತ್ತೇವೆ. ಪ್ರಾರ್ಥನೆ ನಿಂತುಹೋಗುವುದು ಹೆಚ್ಚಾಗಿ ಅಲ್ಲೇ. ಮಾತು ಹೊಸದಾಗಿರಬೇಕೆಂದೂ ಇಲ್ಲ, ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಮೂರು ಸಲ ಒಂದೇ ಮಾತಿನಲ್ಲಿ ಬೇಡಿದರು.

ಬೆಳಿಗ್ಗೆ ಒಂದು ಹಾಳೆಯಲ್ಲಿ ನಾಲ್ಕು ಮನೆ ಹಾಕಿ: ಮಾರಿದರೆ ಲಾಭ, ನಷ್ಟ, ಉಳಿಸಿಕೊಂಡರೆ ಲಾಭ, ನಷ್ಟ. ಬಡ್ಡಿ, ಔಷಧಿ ಹೊಡೆಸುವ ಕೂಲಿ, ಮಕ್ಕಳ ಫೀಸು ಎಲ್ಲ ಅಂಕಿಯಲ್ಲೇ ಇರಲಿ. ಮೂರು ದಿನ ಮಾರಿದೆವೆಂದೇ, ಮೂರು ದಿನ ಉಳಿಸಿಕೊಂಡೆವೆಂದೇ ಬದುಕಿ. ದಿನಾ ರಾತ್ರಿ ಪ್ರಾರ್ಥನೆಯ ನಂತರ ಮನಸ್ಸು ಹೇಗಿತ್ತೆಂದು ಒಂದು ಸಾಲು ಬರೆಯಿರಿ. ಏಳನೆಯ ದಿನ ಹಾಳೆಯನ್ನು ಪಾದ್ರಿಗಳಿಗೆ ತೋರಿಸಿ, ತೋಟದ ಲೆಕ್ಕ ಬಲ್ಲ ಒಬ್ಬರಿಗೂ ತೋರಿಸಿ. ಮನೆಯವರಿಗೆ ಹೇಳದೆ ಅಗ್ರಿಮೆಂಟಿಗೆ ಸಹಿ ಮಾತ್ರ ಹಾಕಬೇಡಿ.