ವಜಾ

22 ನವೆಂಬರ್ 2024, ಶುಕ್ರವಾರ

ಅಪ್ಪ ಇನ್ನೂ ಮಲಗಿಲ್ಲ. ಪಡಸಾಲೆಯಲ್ಲಿ ಲೈಟ್ ಆರಿಸಿ ಸುಮ್ನೆ ಕೂತಿದ್ದಾರೆ.

ಇವತ್ತು ತಿಪಟೂರಿನಲ್ಲಿ ದಾವಾ ವಾಪಸ್ ತಗೊಂಡೆವು. 2017ರಿಂದ ನಡೆದದ್ದು. ಚಿಕ್ಕಪ್ಪ ತೋಟದ ದಾರಿಗೆ ತಂತಿ ಬೇಲಿ ಹಾಕಿದ್ದು, ಅಪ್ಪ ತಡೆಯಾಜ್ಞೆ ಕೇಳಿ ಕೋರ್ಟಿಗೆ ಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ. ಈಚೆಗೆ ಅಜ್ಜಿಯ ತಿಥಿ ದಿನ ಚಿಕ್ಕಪ್ಪನೇ ಬಂದು ಪಕ್ಕದಲ್ಲಿ ಕೂತರು. 'ಅಣ್ಣ, ಬೇಲಿ ಕಿತ್ತಾಕ್ತೀನಿ. ಕಾಯಿ ಟ್ರ್ಯಾಕ್ಟರ್ ಓಡಾಡೋಕೆ 10 ಅಡಿ ಬಿಡ್ತೀನಿ' ಎಂದರು. ಮಾರನೇ ದಿನವೇ ಕಲ್ಲುಕಂಬ ಕಿತ್ತರು. ಗುಂಡಿಗಳು ಇನ್ನೂ ಹಾಗೇ ಇವೆ.

ಕೋರ್ಟಿನಲ್ಲಿ ಐದು ನಿಮಿಷವೂ ಹಿಡಿಯಲಿಲ್ಲ. ದಾವಾ ವಾಪಸ್ ತಗೊಳ್ತೀವಿ ಅಂತ ಬರೆದ ಮೆಮೊವನ್ನು ಲಾಯರ್ ಕೊಟ್ಟರು. ನ್ಯಾಯಾಧೀಶರು ಅಪ್ಪನನ್ನೇ ಕೇಳಿದರು, ಸ್ವಂತ ಇಷ್ಟದಿಂದ ತಾನೆ, ಯಾರ ಒತ್ತಾಯವೂ ಇಲ್ಲ ತಾನೆ ಅಂತ. ಅಪ್ಪ ಕೈ ಮುಗಿದು 'ಇಲ್ಲ ಸ್ವಾಮಿ' ಎಂದರು. ಖರ್ಚು ಅವರವರದು. ಹೊರಗೆ ಬಂದ ಮೇಲೆ ಲಾಯರ್ 'ಮುಗೀತು ಯಜಮಾನ್ರೇ, ಹಿಂಪಡೆದ ಕಾರಣ ವಜಾ' ಎಂದರು.

ಬಸ್ಸಿನಲ್ಲಿ ಅರ್ಧ ದಾರಿ ಅಪ್ಪ ಮಾತೇ ಆಡಲಿಲ್ಲ. ಆಮೇಲೆ ಕೇಳಿದರು.

'ವಜಾ ಅಂದ್ರೆ ನಾನು ಸೋತಂಗೆ ಅಲ್ವೇನಮ್ಮಾ?'

ಅಲ್ಲಪ್ಪ, ನ್ಯಾಯಾಧೀಶರು ಸರಿ ತಪ್ಪು ನೋಡಿ ಕೊಟ್ಟ ತೀರ್ಪಲ್ಲ ಇದು, ನೀವೇ ಕೈ ಬಿಟ್ಟದ್ದು ಅಂತ ಎಷ್ಟೋ ಹೇಳಿದೆ. ತಲೆ ಆಡಿಸಿದರು. ಆದರೆ ಆ ಪದ ಅವರ ಮನಸ್ಸಿಗೆ ನಾಟಿದೆ. ಏಳು ವರ್ಷ ವಾಯಿದೆಗೆ ಅಲೆದ ಮನುಷ್ಯನಿಗೆ ಕೊನೆಗೆ ಈ ಪದವಾ? ಬೇರೆ ಯಾವುದಾದರೂ ಪದ ಇರಬೇಕಿತ್ತು.

ನನ್ನ ಚಿಂತೆ ಬೇರೆ. ಹೋದ ವಾರ ಲಾಯರ್ ಎರಡು ದಾರಿ ಹೇಳಿದ್ದರು. ಒಂದು, ಹೀಗೆ ಸುಮ್ನೆ ವಾಪಸ್ ತಗೊಳ್ಳೋದು. ಹೊಸದಾಗಿ ಹಾಕಲು ಅನುಮತಿ ಕೇಳದೆ ವಾಪಸ್ ತಗೊಂಡರೆ ಅದೇ ವಿಷಯಕ್ಕೆ ಮತ್ತೆ ದಾವಾ ಹಾಕುವ ಹಾಗಿಲ್ಲ. ಇನ್ನೊಂದು, ರಾಜಿ ಅರ್ಜಿ. ಒಪ್ಪಿದ್ದನ್ನೆಲ್ಲ ಬರೆದು ಇಬ್ಬರೂ ಸಹಿ ಹಾಕಿದರೆ ಕೋರ್ಟು ಅದರಂತೆ ಡಿಕ್ರಿ, ಅಂದರೆ ಅಂತಿಮ ಆದೇಶ, ಮಾಡುತ್ತದೆ. ನಾಳೆ ಯಾರಾದರೂ ಮಾತು ತಪ್ಪಿದರೆ ಸೀದಾ ಅಮಲ್ಜಾರಿ, ಅಂದರೆ ಆ ಡಿಕ್ರಿ ಜಾರಿ ಮಾಡಿಸಿ ಅಂತ ಅರ್ಜಿ, ಹಾಕಬಹುದು. ಎರಡೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದಲ್ಲೇ ಇವೆಯಂತೆ, 1ನೇ ನಿಯಮ ಮತ್ತು 3ನೇ ನಿಯಮ. 'ಮುಂದೆ ಹೊಸದಾಗಿ ಅಡ್ಡ ಹಾಕಿದ್ರೆ ಅದು ಬೇರೆ ಕಾರಣ ಅಂತ ವಾದ ಮಾಡಬಹುದಮ್ಮ, ಆದ್ರೆ ಸುಲಭ ಅಲ್ಲ. ರಾಜಿನೇ ಬರೆಸಿಬಿಡಿ' ಎಂದು ಲಾಯರ್ ನನಗೆ ಬೇರೆ ಕರೆದು ಹೇಳಿದರು.

ನಾನು ಬೇಡಿಕೊಂಡೆ. ಅಪ್ಪ ಒಪ್ಪಲೇ ಇಲ್ಲ. 'ಅವ್ವನ ತಿಥಿ ದಿನ ಎಲೆ ಮುಂದೆ ಕೂತು ಹೇಳಿದಾನೆ. ಅದರ ಮೇಲೆ ಅವನ ಕೈಲಿ ಸಹಿ ಹಾಕಿಸ್ಲಾ?'

ಚಿಕ್ಕಪ್ಪನ ಮೇಲೆ ನನಗೂ ನಂಬಿಕೆ ಇದೆ. ಸಂಜೆ ಚಿಕ್ಕಮ್ಮ ಅವರೆಕಾಯಿ ಕಳಿಸಿದ್ದರು, ಏಳು ವರ್ಷದಲ್ಲಿ ಮೊದಲ ಸಲ. ಸುಲಿಯುತ್ತಾ ಅಮ್ಮ ಅತ್ತರು. ಆದರೆ ತೋಟ ನಾಳೆ ಅವರ ಮಕ್ಕಳ ಕೈಗೆ ಬರುತ್ತದೆ. ಅವರು ಆ ಎಲೆ ಮುಂದೆ ಕೂತವರಲ್ಲ. ಆಗ ಈ 10 ಅಡಿಗೆ ಏನು ಗುರುತು ಅಂತ ನಾನು

ಕದ ತೆಗೆದ ಸದ್ದು. ಅಪ್ಪ ಬ್ಯಾಟರಿ ಹಿಡಿದು ತೋಟದ ಕಡೆ ಹೊರಟಿದ್ದಾರೆ, ಈ ಹೊತ್ತಿನಲ್ಲಿ. ಗುಂಡಿ ಇನ್ನೂ ಮುಚ್ಚಿಲ್ಲ. ನಾನೂ ಹೋಗುತ್ತೇನೆ.